ಬುಲ್‌ಪೆನ್ ಕಟ್ಟುವ ಮೂರು ದಾರಿ: ದುಬಾರಿ ಕ್ಲೋಸರ್, ನಡುಬೆಲೆಯ ಮೂವರು, ಅಗ್ಗದ ಹತ್ತು ಮಂದಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್ ಹಿಡಿದರೆ ಒಟ್ಟು ಸುಮಾರು 1,450 ಇನ್ನಿಂಗ್ಸ್ ಯಾರಾದರೂ ಪಿಚ್ ಮಾಡಲೇಬೇಕು, ಅಂದರೆ ಚೆಂಡು ಎಸೆಯಲೇಬೇಕು. ಪಂದ್ಯ ಆರಂಭಿಸುವ ಪಿಚರ್‌ಗಳಾದ ಸ್ಟಾರ್ಟರ್‌ಗಳು ಈಗ ಸರಾಸರಿ ಐದು ಇನ್ನಿಂಗ್ಸ್ ದಾಟಿ ಸ್ವಲ್ಪ ಹೊತ್ತಿಗೆ ಮೈದಾನ ಬಿಡುತ್ತಾರೆ. ಉಳಿದ 600ರಷ್ಟು ಇನ್ನಿಂಗ್ಸ್ ಬುಲ್‌ಪೆನ್ ಪಾಲಿಗೆ, ಅಂದರೆ ಆಮೇಲೆ ಬಂದು ಎಸೆಯುವ ರಿಲೀವರ್‌ಗಳ ಗುಂಪಿಗೆ ಬರುತ್ತದೆ. 26 ಜನರ ರೋಸ್ಟರ್‌ನಲ್ಲಿ (ತಂಡದ ಪಟ್ಟಿಯಲ್ಲಿ) ಪಿಚರ್‌ಗಳು 13ಕ್ಕಿಂತ ಹೆಚ್ಚು ಇರುವಂತಿಲ್ಲ. ಐವರು ಸ್ಟಾರ್ಟರ್‌ಗಳನ್ನು ತೆಗೆದರೆ ಎಂಟು ಜನ ರಿಲೀವರ್‌ಗಳು. ಆ ಎಂಟೂ ಜನ ಒಂದು ದಿನವೂ ಗಾಯದ ಪಟ್ಟಿ ಸೇರದೆ ತಲಾ 60 ಇನ್ನಿಂಗ್ಸ್ ಎಸೆದರೂ ಲೆಕ್ಕ 480ಕ್ಕೆ ನಿಲ್ಲುತ್ತದೆ. ಬಾಕಿ 120 ಇನ್ನಿಂಗ್ಸ್ ಎಸೆಯುವವರು ಮೊದಲ ಪಂದ್ಯದ ದಿನ ತಂಡದಲ್ಲಿ ಇರುವುದೇ ಇಲ್ಲ.

ಆಫ್‌ಸೀಸನ್‌ನ ಯಾವ ಒಪ್ಪಂದವನ್ನೇ ತೂಗಿ ನೋಡುವುದಿದ್ದರೂ ಈ 120 ಇನ್ನಿಂಗ್ಸ್ ಮೊದಲು ನೆನಪಿಗೆ ಬರಬೇಕು. ಸುದ್ದಿಯಾಗುವವನು ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಮುನ್ನಡೆ ಕಾಯ್ದು ಪಂದ್ಯ ಮುಗಿಸುವ ಕ್ಲೋಸರ್. ಕ್ರಿಕೆಟ್ ನೋಡಿ ಬೆಳೆದವರಿಗೆ ಟಿ20ಯ ಕೊನೆಯ ಓವರ್‌ಗಳನ್ನು ಹಾಕುವ ಬೌಲರ್ ಇದ್ದ ಹಾಗೆ ಅವನು. ಅವನ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಆದರೂ ಅವನು ಎಸೆಯುವುದು 600ರಲ್ಲಿ 65. ಕೆಳಹಂತದ ಮೈನರ್ ಲೀಗಿಗೆ ಕಳಿಸಿ ಮತ್ತೆ ಕರೆಸಿಕೊಳ್ಳಬಹುದಾದ ನಾಲ್ವರು ಮೊದಲು, ನಡುವಿನ ಇನ್ನಿಂಗ್ಸ್‌ನವರು ಆಮೇಲೆ, ಕ್ಲೋಸರ್ ಕೊನೆಗೆ. ನಾವು ಹೇಳುವ ಕ್ರಮ ಇದು. ಹೆಚ್ಚಿನ ತಂಡಗಳ ಅಭಿಮಾನಿಗಳು ಬಯಸುವುದು ಇದರ ತಿರುಗುಮುರುಗು.

ದುಬಾರಿ ಕ್ಲೋಸರ್

2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಎಡ್ವಿನ್ ಡಿಯಾಜ್‌ಗೆ ಐದು ವರ್ಷಕ್ಕೆ 10.2 ಕೋಟಿ ಡಾಲರ್ ಕೊಟ್ಟಿತು. ರಿಲೀವರ್ ಒಬ್ಬನ ಒಪ್ಪಂದ 10 ಕೋಟಿ ದಾಟಿದ್ದು ಅದೇ ಮೊದಲು. ನಾಲ್ಕೇ ತಿಂಗಳಲ್ಲಿ, ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಪೋರ್ಟೊ ರಿಕೊ ಗೆದ್ದ ಸಂಭ್ರಮದಲ್ಲಿ ಅವನ ಬಲ ಮೊಣಕಾಲಿನ ಸ್ನಾಯುರಜ್ಜು ಹರಿಯಿತು. 2023ರ ಇಡೀ ಸೀಸನ್ ಹೋಯಿತು. 2024ರಲ್ಲಿ ಇಆರ್‌ಎ (ಫೀಲ್ಡರ್‌ಗಳ ತಪ್ಪಿನಿಂದ ಬಂದವು ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಟ್ಟ ರನ್‌ಗಳ ಸರಾಸರಿ; ಕಡಿಮೆಯಿದ್ದಷ್ಟೂ ಒಳ್ಳೆಯದು) 3.52, ಅಂದರೆ ಪರವಾಗಿಲ್ಲ ಎನ್ನುವ ಮಟ್ಟ. 2025ರಲ್ಲಿ 1.63, ಅಮೋಘ. ಆ ಅಮೋಘ ವರ್ಷ ಮುಗಿಯುತ್ತಲೇ ಒಪ್ಪಂದದಲ್ಲಿದ್ದ ಆಪ್ಟ್‌ಔಟ್ (ಅವಧಿಗೆ ಮುನ್ನ ಹೊರಡುವ ಹಕ್ಕು) ಬಳಸಿ ಹೊರಬಂದ, ಲಾಸ್ ಏಂಜಲೀಸ್ ಡಾಡ್ಜರ್ಸ್ ಜತೆ ಮೂರು ವರ್ಷಕ್ಕೆ 6.9 ಕೋಟಿಗೆ ಸಹಿ ಹಾಕಿದ.

ಇದರಲ್ಲಿ ಯಾರ ತಪ್ಪೂ ಇಲ್ಲ. ಗಮನಿಸಬೇಕಾದದ್ದು ಆಪ್ಟ್‌ಔಟ್ ಕೆಲಸ ಮಾಡುವ ರೀತಿ. ಆಟಗಾರ ಚೆನ್ನಾಗಿ ಆಡಿದರೆ ಹೊರಡುತ್ತಾನೆ, ಕೆಟ್ಟರೆ ಉಳಿಯುತ್ತಾನೆ. ಹಾಗಾಗಿ ಐದು ವರ್ಷದ ಒಪ್ಪಂದದಲ್ಲಿ ಮೂರನೇ ವರ್ಷದ ನಂತರ ಆಪ್ಟ್‌ಔಟ್ ಇದ್ದರೆ, ಕೊನೆಯ ಎರಡು ವರ್ಷದ ನಷ್ಟ ಮಾತ್ರ ತಂಡದ್ದು, ಲಾಭ ತಂಡದ್ದಲ್ಲ ಎಂದೇ ಬರೆದುಕೊಳ್ಳಬೇಕು. ಹ್ಯೂಸ್ಟನ್ ಆಸ್ಟ್ರೋಸ್ 2024ರ ಜನವರಿಯಲ್ಲಿ ಜೋಶ್ ಹೇಡರ್‌ಗೆ ಕೊಟ್ಟ ಐದು ವರ್ಷದ 9.5 ಕೋಟಿ ಗಾಯದ ಪಾಠ ಹೇಳುತ್ತದೆ: 2024ರಲ್ಲಿ ಇಆರ್‌ಎ 3.80, 2025ರಲ್ಲಿ 2.05, ಆದರೆ ಎರಡನೇ ವರ್ಷ ಆಗಸ್ಟ್‌ನಲ್ಲೇ ಭುಜದ ಗಾಯಕ್ಕೆ ಸೀಸನ್ ಮುಗಿಯಿತು.

ಬೆಲೆಯನ್ನು ಸಂಬಳದಿಂದಷ್ಟೇ ಅಳೆಯಬೇಡಿ. ತಂಡದ ಒಟ್ಟು ಸಂಬಳ ಒಂದು ಮಿತಿ ಮೀರಿದರೆ, ಮೀರಿದ ಭಾಗದ ಮೇಲೆ ಲೀಗ್ ಐಷಾರಾಮಿ ತೆರಿಗೆ ಹಾಕುತ್ತದೆ. 2026ಕ್ಕೆ ಆ ಮಿತಿ 24.4 ಕೋಟಿ ಡಾಲರ್. ಮೊದಲ ಸಲ ಮೀರಿದವರಿಗೆ ಶೇಕಡ 20, ಸತತ ಎರಡನೇ ವರ್ಷಕ್ಕೆ 30, ಮೂರನೇ ವರ್ಷದಿಂದ 50. ಮಿತಿಗಿಂತ 6 ಕೋಟಿ ಮೇಲೆ ಹೋದ ಭಾಗಕ್ಕೆ ಇನ್ನೂ ಶೇಕಡ 60 ಸೇರುತ್ತದೆ. ಮೂರು ವರ್ಷದಿಂದ ಮೀರುತ್ತಲೇ ಬಂದು 30.4 ಕೋಟಿಯನ್ನೂ ದಾಟಿರುವ ತಂಡ ವರ್ಷಕ್ಕೆ 1 ಕೋಟಿಯ ರಿಲೀವರ್ ಒಬ್ಬನನ್ನು ತೆಗೆದುಕೊಂಡರೆ ಅವನ ಮೇಲೆ ತೆರಿಗೆಯೇ 1.1 ಕೋಟಿ, ಒಟ್ಟು ಖರ್ಚು 2.1 ಕೋಟಿ. ತೆರಿಗೆಯ ಲೆಕ್ಕ ಹಿಡಿಯುವುದು ಒಪ್ಪಂದದ ವಾರ್ಷಿಕ ಸರಾಸರಿಯ ಮೇಲೆ, ಆ ವರ್ಷ ಕೈಗೆ ಬಂದ ಸಂಬಳದ ಮೇಲಲ್ಲ. ಹಣದ ಒಂದು ಭಾಗವನ್ನು ಮುಂದಿನ ವರ್ಷಗಳಿಗೆ ತಳ್ಳಿದರೆ ಆ ಸರಾಸರಿ ಸ್ವಲ್ಪ ಇಳಿಯುತ್ತದೆ. ಡಾಡ್ಜರ್ಸ್ ಇದನ್ನು ಚೆನ್ನಾಗಿ ಬಳಸುತ್ತದೆ.

ಕ್ಲೋಸರ್ ಹಳೆಯ ತಂಡ ಮುಂದಿಟ್ಟ ಒಂದು ವರ್ಷದ ಕ್ವಾಲಿಫೈಯಿಂಗ್ ಆಫರ್ ನಿರಾಕರಿಸಿ ಬಂದವನಾದರೆ, ಹೊಸ ಎಳೆಯರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಆಯ್ಕೆಗಳೂ ಹೋಗುತ್ತವೆ. ತೆರಿಗೆ ಕಟ್ಟುವ ತಂಡಕ್ಕೆ ಎರಡನೆಯ ಮತ್ತು ಐದನೆಯ ಅತ್ಯುತ್ತಮ ಆಯ್ಕೆ, ಜತೆಗೆ ವಿದೇಶಿ ಎಳೆಯ ಆಟಗಾರರಿಗೆ ಇಟ್ಟ ನಿಧಿಯಲ್ಲಿ 10 ಲಕ್ಷ ಡಾಲರ್. 65 ಇನ್ನಿಂಗ್ಸ್‌ಗೆ ಇದು ಭಾರಿ ಬೆಲೆ.

ಇನ್ನೊಂದು ಷರತ್ತನ್ನೂ ಓದಿ: 'ಮುಗಿಸಿದ ಪಂದ್ಯ'ಗಳ ಸಂಖ್ಯೆಗೆ ಕಟ್ಟಿದ ಬೋನಸ್, ಅಥವಾ ಅಷ್ಟು ಪಂದ್ಯ ಮುಗಿಸಿದರೆ ತಾನಾಗಿ ಜಾರಿಗೆ ಬರುವ ಮುಂದಿನ ವರ್ಷ. ಎಂಟನೇ ಇನ್ನಿಂಗ್ಸ್‌ನಲ್ಲಿ ಎದುರಾಳಿಯ ಮೂವರು ಅತ್ಯುತ್ತಮ ಬ್ಯಾಟರ್‌ಗಳು ಬರುವಾಗ ಕ್ಲೋಸರ್‌ನನ್ನು ಆಗಲೇ ಇಳಿಸುವುದು ಸರಿಯಾದ ನಿರ್ಧಾರ. ಆದರೆ ಒಪ್ಪಂದ ಒಂಬತ್ತನೆಯದಕ್ಕೆ ದುಡ್ಡು ಕೊಡುತ್ತಿದ್ದರೆ ಆಟಗಾರ ಮತ್ತು ಮ್ಯಾನೇಜರ್ ಇಬ್ಬರಿಗೂ ಇಕ್ಕಟ್ಟು. ಬೋನಸ್ ಆಡಿದ ಒಟ್ಟು ಪಂದ್ಯಗಳ ಮೇಲೆ ಇದ್ದರೆ ಒಳ್ಳೆಯದು.

ಈ ದಾರಿ ಯಾರಿಗೆ ಹೊಂದುತ್ತದೆ? 88ರಿಂದ 95 ಪಂದ್ಯ ಗೆಲ್ಲುವ ನಿರೀಕ್ಷೆ ಇರುವ, ಮೈನರ್ ಲೀಗಿನ ಮೇಲಿನ ಹಂತವಾದ ಟ್ರಿಪಲ್-ಎಯಲ್ಲಿ ಆಗಲೇ ನಾಲ್ಕೈದು ರಿಲೀವರ್‌ಗಳನ್ನು ಬೆಳೆಸಿರುವ ತಂಡಕ್ಕೆ. 75 ಗೆಲ್ಲುವ ತಂಡಕ್ಕೆ ಅವನು ಕಾಯಲು ಮುನ್ನಡೆಯೇ ಇರುವುದಿಲ್ಲ.

ನಡುಬೆಲೆಯ ಮೂವರು

ಕಾಗದದ ಮೇಲೆ ಅತ್ಯಂತ ಸಮಂಜಸವಾಗಿ ಕಾಣುವ ದಾರಿ ಇದೇ. ಅದಕ್ಕೇ ಹೆಚ್ಚು ಜನ ಇಲ್ಲಿ ಎಡವುತ್ತಾರೆ. 2017-18ರ ಚಳಿಗಾಲದಲ್ಲಿ ಕೊಲೊರಾಡೊ ರಾಕೀಸ್ ವೇಡ್ ಡೇವಿಸ್‌ಗೆ ಮೂರು ವರ್ಷಕ್ಕೆ 5.2 ಕೋಟಿ, ಜೇಕ್ ಮಗೀ ಮತ್ತು ಬ್ರಯಾನ್ ಶಾಗೆ ಮೂರು ಮೂರು ವರ್ಷಕ್ಕೆ ತಲಾ 2.7 ಕೋಟಿ ಕೊಟ್ಟಿತು. ಒಟ್ಟು 10.6 ಕೋಟಿ. 2018ರಲ್ಲಿ ಡೇವಿಸ್ 43 ಸೇವ್ (ಮುನ್ನಡೆ ಕಾಯ್ದು ಮುಗಿಸಿದ ಪಂದ್ಯ) ಪಡೆದ, ಆದರೆ ಇಆರ್‌ಎ 4.13, ಮರುವರ್ಷ 8.65. ಶಾ ಮೊದಲ ವರ್ಷ 5.93, ಮಗೀ 6.49. 2020ರ ಜುಲೈನಲ್ಲಿ ಮಗೀ ಮತ್ತು ಶಾ ಇಬ್ಬರನ್ನೂ ತಂಡ ಕೈಬಿಟ್ಟಿತು. 2018ರಲ್ಲಿ ರಾಕೀಸ್ 91 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು ನಿಜ. ಆ ಬುಲ್‌ಪೆನ್ ಹೊತ್ತವನು ಒಪ್ಪಂದ ಪಡೆದ ಮೂವರಲ್ಲಿ ಒಬ್ಬನಲ್ಲ, ಮೊದಲಿಂದ ತಂಡದಲ್ಲೇ ಇದ್ದ ಆ್ಯಡಮ್ ಓಟವೀನೊ, ಇಆರ್‌ಎ 2.43.

ತಪ್ಪು ಎಲ್ಲಿ? ಒಂದು ಕಾರಣ ಡೆನ್ವರ್‌ನ ಗಾಳಿ. ಸಮುದ್ರ ಮಟ್ಟದಿಂದ 1,600 ಮೀಟರ್ ಎತ್ತರದಲ್ಲಿ ಗಾಳಿ ತೆಳು. ತಿರುಗುವ ಚೆಂಡಿಗೆ ಹಿಡಿತ ಸಿಗದೆ ತಿರುವು ಕಡಿಮೆಯಾಗುತ್ತದೆ. ಮಗೀ ಬದುಕಿದ್ದೇ ಎದೆಮಟ್ಟದ ಫಾಸ್ಟ್‌ಬಾಲ್ ಮೇಲೆ. ಬ್ಯಾಟರ್ ಅಂದಾಜಿಗಿಂತ ಮೇಲೇ ಉಳಿಯಬೇಕಾದ ಆ ಚೆಂಡು ಅಲ್ಲಿ ಸ್ವಲ್ಪ ಕೆಳಗೆ, ಬ್ಯಾಟಿನ ದಾರಿಗೇ ಬರುತ್ತಿತ್ತು. ಅದೇ ಮಗೀ 2020ರಲ್ಲಿ ಡಾಡ್ಜರ್ಸ್ ಸೇರಿ 2.66, 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನಲ್ಲಿ 31 ಸೇವ್ ಜತೆ 2.72. ಮನುಷ್ಯ ಅವನೇ, ಗಾಳಿ ಬೇರೆ. ಪಿಚರ್‌ನ ಚೆಂಡು ನಿಮ್ಮ ಮೈದಾನಕ್ಕೆ ಹೊಂದುತ್ತದೆಯೇ ಎಂದು ನೋಡದೆ ಕಳೆದ ವರ್ಷದ ಅಂಕಿಯನ್ನು ಕೊಂಡರೆ ಹೀಗೆ.

ಇನ್ನೊಂದು ಕಾರಣ ಎಲ್ಲ ಊರಿಗೂ ಅನ್ವಯಿಸುವಂಥದ್ದು. ರಿಲೀವರ್‌ನ ವರ್ಷ ಬಹಳ ಚಿಕ್ಕದು. 60 ಇನ್ನಿಂಗ್ಸ್‌ನಲ್ಲಿ ಒಂದೇ ಒಂದು ಕೆಟ್ಟ ರಾತ್ರಿ ಆರು ರನ್ ಹೋದರೆ ಇಡೀ ವರ್ಷದ ಇಆರ್‌ಎ 0.90 ಏರುತ್ತದೆ. 2.60ರವನು 3.50ರವನಾಗಲು ಒಂದು ರಾತ್ರಿ ಸಾಕು. ಆ ರಾತ್ರಿ ಬಾರದೆ ಹೋದವನು ಮರುವರ್ಷ ಮಾರುಕಟ್ಟೆಯಲ್ಲಿ ದುಬಾರಿ. ಡಾಡ್ಜರ್ಸ್ 2025ರ ಜನವರಿಯಲ್ಲಿ ಟ್ಯಾನರ್ ಸ್ಕಾಟ್‌ಗೆ ನಾಲ್ಕು ವರ್ಷಕ್ಕೆ 7.2 ಕೋಟಿ ಕೊಟ್ಟಾಗ ಅವನು ಹಿಂದಿನ ವರ್ಷ 72 ಇನ್ನಿಂಗ್ಸ್‌ನಲ್ಲಿ ಬಿಟ್ಟಿದ್ದು ಮೂರೇ ಹೋಮ್ ರನ್. ಆ ಮೂರು ಉಳಿಯುವ ಸಂಖ್ಯೆಯಲ್ಲ. 2025ರಲ್ಲಿ 57 ಇನ್ನಿಂಗ್ಸ್‌ಗೆ 11 ಹೋಮ್ ರನ್, ಇಆರ್‌ಎ 4.74. ಒಂದು ವರ್ಷಕ್ಕೆ 1.3 ಕೋಟಿಗೆ ಬಂದ ಕರ್ಬಿ ಯೇಟ್ಸ್ 2024ರಲ್ಲಿ 1.17 ಇದ್ದವನು 5.23ಕ್ಕೆ ಹೋದ. ಅವನಿಗೆ ಆಗ 38.

ಹಾಗಾದರೆ ಏನು ನೋಡಬೇಕು? ಇಆರ್‌ಎಯನ್ನು ಪಕ್ಕಕ್ಕಿಡಿ, ಸೇವ್‌ಗಳನ್ನೂ ಇಡಿ. ಎದುರಿಸಿದ ಬ್ಯಾಟರ್‌ಗಳಲ್ಲಿ ಶೇಕಡ ಎಷ್ಟು ಜನರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ, ಎಷ್ಟು ಜನರಿಗೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಮೊದಲ ಬೇಸ್) ಕೊಟ್ಟ ಎಂದು ನೋಡಿ. ಮೊದಲಿನದರಲ್ಲಿ ಎರಡನೆಯದನ್ನು ಕಳೆಯಿರಿ. 14ರ ಆಸುಪಾಸು ಸಾಧಾರಣ ರಿಲೀವರ್, 20 ದಾಟಿದರೆ ಒಳ್ಳೆಯವನು, 25 ದಾಟಿದರೆ ಅಪರೂಪದವನು. ಈ ಅಂಕಿ ಬೇರೆಲ್ಲಕ್ಕಿಂತ ಬೇಗ ನಿಜ ಹೇಳುತ್ತದೆ, ಏಕೆಂದರೆ ಇದರಲ್ಲಿ ಫೀಲ್ಡರ್‌ಗಳ ಕೈವಾಡವಿಲ್ಲ. ಮೆಟ್ಸ್ 2025ರ ಡಿಸೆಂಬರ್‌ನಲ್ಲಿ ಡೆವಿನ್ ವಿಲಿಯಮ್ಸ್‌ಗೆ ಮೂರು ವರ್ಷಕ್ಕೆ 5.1 ಕೋಟಿ ಕೊಟ್ಟಿತು. ಅವನ ಇಆರ್‌ಎ ಆ ವರ್ಷ 4.79. ಅಷ್ಟು ಕೊಟ್ಟಿದ್ದೇಕೆಂದರೆ ಅವನ ಸ್ಟ್ರೈಕ್‌ಔಟ್ ಪ್ರಮಾಣ ಆಗಲೂ ಶೇಕಡ 30ರ ಮೇಲಿತ್ತು.

ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಎಂಬುದನ್ನು ಆಮೇಲೆ ನೋಡಿ. ಲೀಗಿನ ಸರಾಸರಿ 0.290ರ ಹತ್ತಿರ. ಇದು 0.220ಕ್ಕಿಂತ ಕೆಳಗಿದ್ದು ಇಆರ್‌ಎ 2ರೊಳಗೆ ಇದ್ದರೆ ಅದು ಅದೃಷ್ಟದ ವರ್ಷ. ಅದಕ್ಕೆ ಬೆಲೆ ಕಟ್ಟಬೇಡಿ.

ವೇಗವನ್ನು ವರ್ಷದ ಸರಾಸರಿಯಲ್ಲಿ ನೋಡುವುದು ಸಾಲದು. ಏಪ್ರಿಲ್-ಮೇ ಒಂದು ಕಡೆ, ಆಗಸ್ಟ್-ಸೆಪ್ಟೆಂಬರ್ ಒಂದು ಕಡೆ ಇಟ್ಟು ಹೋಲಿಸಿ. ಸಾಮಾನ್ಯವಾಗಿ ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಆಗಸ್ಟ್ ಹೊತ್ತಿಗೆ, ವೇಗ ಏರಬೇಕು. ಗಂಟೆಗೆ ಎರಡು ಕಿಲೋಮೀಟರ್‌ಗಿಂತ ಹೆಚ್ಚು ಇಳಿದಿದ್ದು, ಅದೇ ಹೊತ್ತಿಗೆ ವಾಕ್‌ಗಳೂ ಏರಿದ್ದರೆ ಮೊಣಕೈ ಅಥವಾ ಭುಜದ ತಪಾಸಣೆ ಆಗುವವರೆಗೆ ಎರಡನೇ ವರ್ಷದ ಮಾತು ಬೇಡ. ಮೊಣಕೈಯ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆದರೆ 12ರಿಂದ 18 ತಿಂಗಳು ಹೋಗುತ್ತದೆ, ಅಂದರೆ ಎರಡು ವರ್ಷದ ಒಪ್ಪಂದದ ಬಹುಪಾಲು. ಸತತ ಎರಡು ವರ್ಷ 70ಕ್ಕಿಂತ ಹೆಚ್ಚು ಪಂದ್ಯ ಆಡಿದವನ ಬಗ್ಗೆಯೂ ಅಷ್ಟೇ ಎಚ್ಚರ. ಪಂದ್ಯದ ಸಂಖ್ಯೆಯಲ್ಲಿ ಕಾಣದ ದಣಿವೂ ಉಂಟು: ಬುಲ್‌ಪೆನ್‌ನಲ್ಲಿ ಎದ್ದು ಇಪ್ಪತ್ತೈದು ಚೆಂಡು ಎಸೆದು ಮೈ ಕಾಯಿಸಿ, ಕರೆ ಬಾರದೆ ಮತ್ತೆ ಕೂತ ದಿನಗಳು.

ಎಡಗೈ ಪಿಚರ್ ಬೇಕೆಂದು ಹೊರಟವರಿಗೆ ಒಂದು ಮಾತು. 2020ರಿಂದ ರಿಲೀವರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಆ ಅರ್ಧ ಇನ್ನಿಂಗ್ಸ್ ಮುಗಿಸಬೇಕು. ಗಾಯ ಅಥವಾ ಅನಾರೋಗ್ಯಕ್ಕೆ ಮಾತ್ರ ವಿನಾಯಿತಿ. ಎಡಗೈ ಬ್ಯಾಟರ್ ಒಬ್ಬನಿಗೆಂದೇ ಬಂದು ಹೋಗುತ್ತಿದ್ದ ಪರಿಣತರ ಕಾಲ ಅಲ್ಲಿಗೆ ಮುಗಿಯಿತು. ಎದುರಾಳಿ ಮಧ್ಯೆ ಒಬ್ಬ ಬಲಗೈಯವನನ್ನು ನಿಲ್ಲಿಸಿದರೆ ಸಾಕು. ಬಲಗೈ ಬ್ಯಾಟರ್‌ಗಳ ಎದುರು ಅವನ ಸ್ಟ್ರೈಕ್‌ಔಟ್-ವಾಕ್ ಅಂತರ ಕನಿಷ್ಠ 10 ಇಲ್ಲದಿದ್ದರೆ, ಎಡಗೈ ಎಂಬ ಒಂದೇ ಕಾರಣಕ್ಕೆ ದುಡ್ಡು ಹಾಕುವುದು ಬೇಡ.

ಈ ದಾರಿಯಲ್ಲಿ ನಮ್ಮ ಸಲಹೆ ಚಿಕ್ಕದು: ಒಂದು ವರ್ಷಕ್ಕೆ ತುಸು ಹೆಚ್ಚು ಕೊಡಿ, ಮೂರನೇ ವರ್ಷ ಕೊಡಬೇಡಿ.

ಅಗ್ಗದ ಹತ್ತು ಮಂದಿ

ಆಳ ಎನ್ನುವುದು ಇಲ್ಲಿದೆ. ಅದಕ್ಕೆ ನಿಯಮ ಗೊತ್ತಿರಬೇಕು. ಆ 26 ಜನರನ್ನೂ ಒಳಗೊಂಡ, ತಂಡದ 40 ಜನರ ಪಟ್ಟಿಯಲ್ಲಿರುವ ಆಟಗಾರನಿಗೆ ಸಾಮಾನ್ಯವಾಗಿ ಮೂರು ಆಪ್ಷನ್ ವರ್ಷ. ಆ ವರ್ಷಗಳಲ್ಲಿ ಅವನನ್ನು ಯಾರ ಅಪ್ಪಣೆಯೂ ಇಲ್ಲದೆ ಟ್ರಿಪಲ್-ಎಗೆ ಕಳಿಸಿ, ಬೇಕಾದಾಗ ಕರೆಸಬಹುದು. ಒಂದು ಸೀಸನ್‌ನಲ್ಲಿ 20 ದಿನಕ್ಕಿಂತ ಕಡಿಮೆ ಕೆಳಗಿದ್ದರೆ ಆಪ್ಷನ್ ಖರ್ಚಾಗುವುದಿಲ್ಲ. 2022ರಿಂದ ಎರಡು ಕಡಿವಾಣ: ಒಬ್ಬನನ್ನು ಒಂದು ಸೀಸನ್‌ನಲ್ಲಿ ಐದು ಸಲಕ್ಕಿಂತ ಹೆಚ್ಚು ಕೆಳಗೆ ಕಳಿಸುವಂತಿಲ್ಲ, ಕಳಿಸಿದ ಪಿಚರ್ 15 ದಿನ ಅಲ್ಲೇ ಇರಬೇಕು, ಗಾಯಾಳುವಿನ ಜಾಗಕ್ಕೆ ಬರುವುದಾದರೆ ಮಾತ್ರ ಮೊದಲೇ ಬರಬಹುದು. ಐದು ವರ್ಷ ಮೇಜರ್ ಲೀಗ್ ಸೇವೆ ಮುಗಿಸಿದವನು ಹೋಗುವುದಿಲ್ಲ ಎನ್ನಬಹುದು.

ಈಗ ಲೆಕ್ಕ ಹಾಕಿ. ಯಾವ ತಂಡದ ಜತೆಗಾದರೂ ಸಹಿ ಹಾಕಬಲ್ಲ ಫ್ರೀ ಏಜೆಂಟ್ ಆಗಲು ಆರು ವರ್ಷದ ಸೇವೆ ಬೇಕು. ಅಂದರೆ ಹಾಗೆ ಮಾರುಕಟ್ಟೆಗೆ ಬಂದ ಪ್ರತಿಯೊಬ್ಬ ರಿಲೀವರೂ ಕೆಳಗೆ ಕಳಿಸಲಾಗದವನೇ. ಮೂವರು ಫ್ರೀ ಏಜೆಂಟ್‌ಗಳನ್ನು ತಂದ ತಂಡ ಎಂಟರಲ್ಲಿ ಮೂರು ಸ್ಥಾನಕ್ಕೆ ಬೀಗ ಹಾಕಿದಂತೆ. ಜತೆಗೆ ಆಪ್ಷನ್ ಮುಗಿದ ಇಬ್ಬರು, ರೂಲ್ 5 ಡ್ರಾಫ್ಟ್‌ನಲ್ಲಿ (ಬೇರೆ ತಂಡದ 40ರಲ್ಲಿ ಇಲ್ಲದವರನ್ನು ಆರಿಸುವ ಡ್ರಾಫ್ಟ್) ತೆಗೆದ ಒಬ್ಬ ಎಂದರೆ ಆರು. ಉಳಿದ ಎರಡೇ ಸ್ಥಾನದಲ್ಲಿ ಇಡೀ ಸೀಸನ್‌ನ ದಣಿವು ತಿರುಗಬೇಕು. ಸ್ಟಾರ್ಟರ್ ಎರಡನೇ ಇನ್ನಿಂಗ್ಸ್‌ನಲ್ಲೇ ಕುಸಿದ ರಾತ್ರಿ ಯಾರೋ 50 ಚೆಂಡು ಎಸೆಯುತ್ತಾರೆ, ಅವನು ಮೂರು ದಿನ ಸಿಗುವುದಿಲ್ಲ, ಬೆಳಿಗ್ಗೆ ಹೊಸಬ ಬೇಕು. ವಾರಕ್ಕೆ ಎರಡು ಸಲ ಹೀಗಾದರೂ 15 ದಿನದಲ್ಲಿ ನಾಲ್ಕು ಬದಲಾವಣೆ. ಹಾಗಾಗಿ ಆ ಎರಡು ಸ್ಥಾನಕ್ಕೆ ಆಪ್ಷನ್ ಇರುವ ನಾಲ್ವರು ಬೇಕು. ಮೂವರಿದ್ದರೆ ಜೂನ್ ಹೊತ್ತಿಗೆ ದಣಿದವನನ್ನೇ ಮತ್ತೆ ಎಸೆಯಲು ಕಳಿಸುತ್ತೀರಿ. ಜುಲೈನ ಗಾಯಗಳ ಮೂಲ ಬಹಳ ಸಲ ಇದೇ.

ಇಂಥವರು ಎಲ್ಲಿ ಸಿಗುತ್ತಾರೆ? ನವೆಂಬರ್‌ನಲ್ಲಿ ತಂಡಗಳು ಮುಂದಿನ ವರ್ಷದ ಒಪ್ಪಂದ ಕೊಡದೆ ಬಿಟ್ಟುಬಿಡುವ ಆಟಗಾರರಲ್ಲಿ. ಅವರಲ್ಲಿ ಅನೇಕರಿಗೆ ಐದು ವರ್ಷದ ಸೇವೆ ಇರುವುದಿಲ್ಲ, ಕೆಲವರಿಗೆ ಒಂದು ಆಪ್ಷನ್ ಉಳಿದಿರುತ್ತದೆ. ಸಂಬಳ ಕನಿಷ್ಠದ ಹತ್ತಿರ; 2026ಕ್ಕೆ ಆ ಕನಿಷ್ಠ 7.8 ಲಕ್ಷ ಡಾಲರ್. ವೇವರ್‌ನಲ್ಲಿ (ಒಂದು ತಂಡ ಬಿಟ್ಟವನನ್ನು ಬೇರೆ ತಂಡ ಕೇಳಿ ಪಡೆಯುವ ವ್ಯವಸ್ಥೆ) ಬಂದವರು, ಸ್ಟಾರ್ಟರ್ ಆಗಿ ಸೋತವರು ಕೂಡ. ವೇಡ್ ಡೇವಿಸ್‌ನನ್ನೇ ನೋಡಿ. 2013ರಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್‌ನಲ್ಲಿ ಬಹುತೇಕ ಸ್ಟಾರ್ಟರ್ ಆಗಿ ಎಸೆದು ಇಆರ್‌ಎ 5.32. ಮರುವರ್ಷ ಬುಲ್‌ಪೆನ್‌ಗೆ ಹೋದ: 1.00. 2015ರಲ್ಲಿ 0.94, ತಂಡಕ್ಕೆ ಪ್ರಶಸ್ತಿ. ಒಂದೇ ಇನ್ನಿಂಗ್ಸ್ ಎಂದಾಗ ವೇಗ ಏರುತ್ತದೆ, ದುರ್ಬಲವಾದ ಮೂರನೇ ಬಗೆಯ ಚೆಂಡನ್ನು ಬಿಟ್ಟುಬಿಡಬಹುದು, ಬ್ಯಾಟರ್ ಅದೇ ಪಂದ್ಯದಲ್ಲಿ ಎರಡನೇ ಸಲ ನೋಡುವುದಿಲ್ಲ. ಅವನು ಅತ್ಯುತ್ತಮವಾಗಿ ಎಸೆದದ್ದು ಅಗ್ಗವಾಗಿದ್ದಾಗ, 5.2 ಕೋಟಿ ಕೊಟ್ಟವರಿಗೆ ಸಿಕ್ಕಿದ್ದು ಅದರ ಬಾಲ. ಬುಲ್‌ಪೆನ್ ಮಾರುಕಟ್ಟೆಯ ಬಗ್ಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

2025ರ ಡಾಡ್ಜರ್ಸ್ ಇನ್ನೊಂದು. ಸ್ಕಾಟ್, ಯೇಟ್ಸ್, ಎರಡು ವರ್ಷಕ್ಕೆ 2.2 ಕೋಟಿ ಪಡೆದ ಬ್ಲೇಕ್ ಟ್ರೈನೆನ್ ಮೂವರ ಸೀಸನ್ನೂ ಕೆಟ್ಟಿತು. ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ ಒಂಬತ್ತನೇ ಇನ್ನಿಂಗ್ಸ್ ಎಸೆದವನು ಸ್ಟಾರ್ಟರ್ ಆಗಿ ಬಂದು ಭುಜ ನೋಯಿಸಿಕೊಂಡಿದ್ದ ರೋಕಿ ಸಸಾಕಿ. ಟೊರೊಂಟೊ ವಿರುದ್ಧದ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ 18 ಇನ್ನಿಂಗ್ಸ್‌ಗೆ ಎಳೆದಾಗ ಕೊನೆಯ ನಾಲ್ಕನ್ನು ರನ್ ಕೊಡದೆ ಎಸೆದವನು ವಿಲ್ ಕ್ಲೈನ್, ಜೂನ್‌ನಲ್ಲಿ ಸಿಯಾಟಲ್‌ನಿಂದ ಸದ್ದಿಲ್ಲದೆ ಬಂದವನು, ಆ ರಾತ್ರಿ ಬುಲ್‌ಪೆನ್‌ನಲ್ಲಿ ಉಳಿದಿದ್ದ ಕೊನೆಯವನು. ಏಳನೇ ಪಂದ್ಯವನ್ನು ಮುಗಿಸಿದ್ದು ಹಿಂದಿನ ದಿನವಷ್ಟೇ ಸ್ಟಾರ್ಟ್ ಮಾಡಿದ್ದ ಯೋಶಿನೊಬು ಯಮಾಮೊಟೊ. ಪ್ಲೇಆಫ್‌ನಲ್ಲಿ ಬಿಡುವಿನ ದಿನಗಳಿರುವುದರಿಂದ ಸ್ಟಾರ್ಟರ್‌ಗಳೇ ರಿಲೀವರ್ ಆಗಬಲ್ಲರು. ಅಕ್ಟೋಬರ್‌ಗಾಗಿ ಮೂರನೇ ದುಬಾರಿ ರಿಲೀವರ್ ಕೊಳ್ಳುವ ವಾದ ಇದರಿಂದ ಸಡಿಲಾಗುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆ ಅನುಕೂಲ ಇಲ್ಲ.

ಅಗ್ಗದ ದಾರಿಯ ಅಪಾಯಗಳೂ ಇವೆ. ಆಪ್ಷನ್ ಇರುವ ಪ್ರತಿಯೊಬ್ಬನೂ 40ರಲ್ಲಿ ಒಂದು ಜಾಗ ತಿನ್ನುತ್ತಾನೆ. 60 ದಿನದ ಗಾಯದ ಪಟ್ಟಿಗೆ ಹೋದವರು 40ರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ವರ್ಲ್ಡ್ ಸೀರೀಸ್ ಮುಗಿದ ಕೆಲವೇ ದಿನಗಳಲ್ಲಿ ಆ ಪಟ್ಟಿ ಮುಚ್ಚುತ್ತದೆ, ಶಸ್ತ್ರಚಿಕಿತ್ಸೆ ಆದವರೆಲ್ಲ ಚಳಿಗಾಲದುದ್ದಕ್ಕೂ 40ರೊಳಗೆ ಕೂರುತ್ತಾರೆ. ನವೆಂಬರ್‌ನಲ್ಲಿ ಒಳ್ಳೆಯ ಎಳೆಯ ಪಿಚರ್‌ಗಳು ಕೈತಪ್ಪುವುದು ಈ ಒತ್ತಡದಿಂದಲೇ. ರೂಲ್ 5ರಲ್ಲಿ ಒಂದು ಲಕ್ಷ ಡಾಲರ್‌ಗೆ ತೆಗೆದವನನ್ನು ಸೀಸನ್ ಪೂರ್ತಿ 26ರಲ್ಲಿ ಇಡಬೇಕು, ಇಲ್ಲವೇ ಹಳೆಯ ತಂಡಕ್ಕೆ 50,000ಕ್ಕೆ ಹಿಂತಿರುಗಿಸಲು ಮುಂದಾಗಬೇಕು. ಗೆಲ್ಲಲು ಹೊರಟ ತಂಡಕ್ಕೆ ಇದು ಹೊಂದುವುದಿಲ್ಲ.

ಆರಿಸುವ ಮುನ್ನ ಕಾಗದದ ಮೇಲೆ

ಹನ್ನೆರಡು ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಉಳಿದ ಆಪ್ಷನ್, ಸೇವಾ ವರ್ಷ, ಹಿಂದಿನ ಎರಡು ವರ್ಷದ ಇನ್ನಿಂಗ್ಸ್, ಎರಡೂ ಕೈಯ ಬ್ಯಾಟರ್‌ಗಳ ವಿರುದ್ಧ ಸ್ಟ್ರೈಕ್‌ಔಟ್-ವಾಕ್ ಅಂತರ. ಮುಂದಿನ ವರ್ಷ ಅವರು ಎಸೆಯುವ ಇನ್ನಿಂಗ್ಸ್ ಅಂದಾಜಿಸುವಾಗ ಹಿಂದಿನ ಎರಡು ವರ್ಷದ ಸರಾಸರಿಯ ಮುಕ್ಕಾಲು ಭಾಗ ಹಿಡಿಯಿರಿ. ಉಳಿದ ಕಾಲು ಗಾಯಕ್ಕೆ. ಒಟ್ಟು 600 ಮುಟ್ಟುತ್ತದೆಯೇ? ಆಪ್ಷನ್ ಇರುವವರು ನಾಲ್ವರಿದ್ದಾರೆಯೇ? ಮೊದಲ ಪ್ರಶ್ನೆಗೆ ಇಲ್ಲ ಎಂದರೆ ಎರಡು ಇನ್ನಿಂಗ್ಸ್ ಎಸೆಯಬಲ್ಲ ಮಾಜಿ ಸ್ಟಾರ್ಟರ್ ಒಬ್ಬನನ್ನು ಹುಡುಕಿ. ಎರಡನೆಯದಕ್ಕೆ ಇಲ್ಲ ಎಂದರೆ ಕ್ಲೋಸರ್‌ನ ಮಾತು ಈಗಲೇ ಬೇಡ. ಎರಡಕ್ಕೂ ಹೌದು ಎಂದಾಗ ಕೈಯಲ್ಲಿ ದುಡ್ಡು ಉಳಿದಿದ್ದರೆ, ಕ್ಲೋಸರ್‌ಗೆ ಧಾರಾಳವಾಗಿ ಖರ್ಚು ಮಾಡಿ.

ಕೊಳ್ಳುವ ಕಾಲವೂ ದಾರಿಗೆ ತಕ್ಕಂತೆ ಬೇರೆ. ಬಿಟ್ಟುಬಿಟ್ಟವರು ನವೆಂಬರ್ ಮೂರನೇ ವಾರದಿಂದ. ದೊಡ್ಡ ಕ್ಲೋಸರ್‌ಗಳಲ್ಲಿ ಹೆಚ್ಚಿನವರು ಡಿಸೆಂಬರ್‌ನ ವಿಂಟರ್ ಮೀಟಿಂಗ್ಸ್ ಆಸುಪಾಸಿನಲ್ಲೇ ಹೋಗಿಬಿಡುತ್ತಾರೆ. ನಡುಬೆಲೆಯವರಿಗೆ ಜನವರಿ ಕೊನೆವರೆಗೆ ಕಾದರೆ ಒಪ್ಪಂದದ ವರ್ಷಗಳ ಸಂಖ್ಯೆ ಇಳಿಯುತ್ತದೆ. ಮೈನರ್ ಲೀಗ್ ಒಪ್ಪಂದಕ್ಕೆ ಒಪ್ಪುವ ಹಿರಿಯರು ಫೆಬ್ರವರಿಯಲ್ಲಿ. ಅವರಲ್ಲಿ ಆರು ವರ್ಷ ಸೇವೆ ಇದ್ದು ಹಿಂದಿನ ಸೀಸನ್ ಮೇಜರ್ ಲೀಗ್‌ನಲ್ಲೇ ಮುಗಿಸಿದವರಿಗೆ ಮೊದಲ ಪಂದ್ಯಕ್ಕೆ ಐದು ದಿನ ಮುಂಚೆ, ಮೇ 1 ಮತ್ತು ಜೂನ್ 1ರಂದು ಹೊರಹೋಗುವ ಹಕ್ಕಿದೆ ಎಂಬುದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಮಾರ್ಚ್ ಕೊನೆಯ ವಾರ ಬೇರೆ ತಂಡಗಳ ಆಪ್ಷನ್ ಮುಗಿದವರು ವೇವರ್‌ಗೆ ಬೀಳುತ್ತಾರೆ. ಆ ವಾರಕ್ಕೆ 40ರಲ್ಲಿ ಒಂದು ಜಾಗ ಖಾಲಿ ಇಟ್ಟುಕೊಂಡಿರಿ.